ಹಾಸನ, ಚಿಕ್ಕಮಗಳೂರು ಕಡೆ ಜಿಮ್ ಟ್ರೈನರ್‌ಗಳೆಲ್ಲ ಸೇರಿ ಯೂನಿಯನ್ ಮಾಡ್ಕೋಬೋದಾ? ಎಲ್ಲಿಂದ ಶುರು ಮಾಡೋದು?

ಹಾಸನ್_ಐರನ್:

ಎಲ್ರಿಗೂ ನಮಸ್ಕಾರ. ನಾನು ಹಾಸನದಲ್ಲಿ ಒಂಬತ್ತು ವರ್ಷದಿಂದ ಜಿಮ್ ಟ್ರೈನರ್ ಆಗಿದೀನಿ, ಸಾಲಗಾಮೆ ರೋಡ್, ಬಿ.ಎಂ. ರೋಡ್, ವಿದ್ಯಾನಗರ ಕಡೆ ಸೇರಿ ಮೂರು ಜಿಮ್ ನೋಡಿದೀನಿ. ಮನಸ್ಸಲ್ಲಿ ತುಂಬಾ ದಿನದಿಂದ ಇರೋದನ್ನ ಬರೀತಾ ಇದೀನಿ, ಉದ್ದ ಆದ್ರೆ ಕ್ಷಮಿಸಿ.

ನಮ್ಮ ದಿನ ಹೇಗಿರುತ್ತೆ ಅಂದ್ರೆ ಬೆಳಗ್ಗೆ 5ಕ್ಕೆ ಶಟರ್ ಎತ್ತಬೇಕು, 10:30ರ ತನಕ ಬ್ಯಾಚು, ಆಮೇಲೆ ಸಂಜೆ 4ರಿಂದ ರಾತ್ರಿ 10. ಮಧ್ಯಾಹ್ನ ರೆಸ್ಟ್ ಇದೆಯಲ್ಲ ಅಂತಾರೆ, ಆದ್ರೆ ಆ ಹೊತ್ತಲ್ಲೇ ಪ್ಯಾಕೇಜ್ ಮುಗಿದವರಿಗೆಲ್ಲ ಫೋನ್ ಮಾಡಿ ರಿನ್ಯೂವಲ್ ಕೇಳ್ಬೇಕು, ಮಷೀನ್ ಒರೆಸ್ಬೇಕು, ಮನೆಗೆ ಹೋಗಿ ಊಟ ಮಾಡಿ ಒಂದು ಗಂಟೆ ಮಲಗೋದ್ರೊಳಗೆ ಮತ್ತೆ ಟೈಮ್ ಆಗಿರುತ್ತೆ. ಫಿಕ್ಸ್ ಸಂಬಳ ನಂಗೆ 9,000. ಮಿಕ್ಕಿದ್ದು ಪಿಟಿ (ಪರ್ಸನಲ್ ಟ್ರೈನಿಂಗ್) ಕಮಿಷನ್ನು, ಕ್ಲೈಂಟ್ ತಿಂಗಳಿಗೆ 5,000 ಕೊಟ್ರೆ ನಮ್ಮ ಕೈಗೆ 2,000. ಅದ್ರ ಮೇಲೆ ತಿಂಗಳಿಗೆ ಇಷ್ಟು ಡಬ್ಬ ಪ್ರೋಟೀನ್ ಮಾರ್ಲೇಬೇಕು ಅಂತ ಟಾರ್ಗೆಟ್ ಬೇರೆ.

ನಾನು ಇದನ್ನ ಬರೆಯೋಕೆ ಕಾರಣ ಆಗಿದ್ದು ನನ್ ಜೊತೆ ಕೆಲ್ಸ ಮಾಡ್ತಿದ್ದ ಹುಡುಗ. ಬೆಂಚ್ ಪ್ರೆಸ್ ಮಾಡ್ತಿದ್ದ ಮೆಂಬರ್ ಒಬ್ರ ಕೈ ಜಾರಿ ಬಾರ್ ಎದೆ ಮೇಲೆ ಬೀಳೋದ್ರಲ್ಲಿತ್ತು, ಸ್ಪಾಟಿಂಗ್‌ಗೆ, ಅಂದ್ರೆ ಭಾರ ಎತ್ತೋರ ಪಕ್ಕ ಕಾವಲಿಗೆ, ನಿಂತಿದ್ದ ಇವನು ತಡ್ಕೊಂಡ. ಆ ಮೆಂಬರ್‌ಗೆ ಒಂದು ಗೀರೂ ಆಗ್ಲಿಲ್ಲ, ಇವನ ಭುಜ ಹೋಯ್ತು. ಮೂರು ವಾರ ಬಿಟ್ಟು ವಾಪಸ್ ಬಂದ್ರೆ ಇವನ ಜಾಗದಲ್ಲಿ ಇನ್ನೊಬ್ಬ ಇದ್ದ. ಎರಡು ತಿಂಗಳ ಕಮಿಷನ್ 23,000 ಇವತ್ತಿಗೂ ಕೊಟ್ಟಿಲ್ಲ, ಸೇರುವಾಗ ಇಸ್ಕೊಂಡಿದ್ದ ಒರಿಜಿನಲ್ ಮಾರ್ಕ್ಸ್ ಕಾರ್ಡು, ಸಾಲ ಮಾಡಿ ಕೋರ್ಸ್ ಮಾಡಿದ್ದ ಸರ್ಟಿಫಿಕೇಟು ಎರಡೂ ಇನ್ನೂ ಅಲ್ಲೇ ಬೀರುವಲ್ಲಿದೆ. ಅವತ್ತು ನಾನು ಅಲ್ಲೇ ನಿಂತಿದ್ದೆ. ಒಂದು ಮಾತೂ ಆಡ್ಲಿಲ್ಲ, ನನ್ ಆರು ಪಿಟಿ ಕ್ಲೈಂಟ್ ಹೋಗಿಬಿಡ್ತಾರೆ ಅನ್ನೋ ಭಯ. ಅದು ನಂಗೆ ಈಗ್ಲೂ ನಿದ್ದೆ ಕೆಡಿಸುತ್ತೆ.

2025ರ ಜೂನ್, ಜುಲೈ ನೆನಪಿದೆಯಲ್ಲ, ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸುದ್ದಿ ದಿನಾ ಟಿವಿಲಿ ಬಂದು ಜನ ಎಲ್ಲ ಹೆದರಿ ಮೈಸೂರು ಜಯದೇವಕ್ಕೆ ಚೆಕಪ್‌ಗೆ ಕ್ಯೂ ನಿಂತಿದ್ರು. ಆಗ ನಮ್ ಬ್ಯಾಚ್ ಅರ್ಧಕ್ಕರ್ಧ ಖಾಲಿ. ಜನ ಬರದೇ ಇದ್ದಿದ್ದು ನಮ್ ತಪ್ಪಲ್ಲ, ಆದ್ರೆ ಕಟ್ ಆಗಿದ್ದು ನಮ್ ದುಡ್ಡು. ಪುನೀತ್ ರಾಜ್‌ಕುಮಾರ್ ಅವರು 2021 ಅಕ್ಟೋಬರ್ 29ಕ್ಕೆ ಹೋದಾಗಲೂ ಹೀಗೇ ಆಗಿತ್ತು. ಎರಡು ಸಲನೂ ಎಲ್ರೂ ಕೇಳಿದ್ದು ಟ್ರೈನರ್‌ಗೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮಾಡೋ ಪ್ರಥಮ ಚಿಕಿತ್ಸೆ) ಬರುತ್ತಾ ಅಂತ. ನ್ಯಾಯವಾದ ಪ್ರಶ್ನೆನೇ. ಕಲಿಸೋದು ಯಾರು, ಅದಕ್ಕೆ ದುಡ್ಡು ಕೊಡೋದು ಯಾರು ಅಂತ ಮಾತ್ರ ಯಾರೂ ಕೇಳ್ಲಿಲ್ಲ.

ನನ್ ಪ್ರಶ್ನೆ ಇಷ್ಟೇ. ಒಂದೊಂದು ಜಿಮ್‌ನಲ್ಲಿ ನಾವಿರೋದು ಮೂರೋ ನಾಲ್ಕೋ ಜನ. ಇಂಥವರು ಯೂನಿಯನ್ ಮಾಡ್ಬೋದಾ? ಕಾನೂನಲ್ಲಿ ನಮ್ಮನ್ನ ಕಾರ್ಮಿಕರು ಅಂತ ಒಪ್ತಾರಾ? ಸುದ್ದಿ ಗೊತ್ತಾಗಿ ಮಾರನೇ ದಿನವೇ ಆಚೆ ಹಾಕಿದ್ರೆ ಏನ್ ಮಾಡೋದು?

ಕೋರ್ಟ್_ಕಟ್ಟೆ:

ಬ್ರದರ್, ನಾನು ವಕೀಲ, ಲೇಬರ್ ಕೇಸ್‌ಗಳನ್ನ ನೋಡ್ತೀನಿ. ಗೊತ್ತಿರೋದನ್ನ ಹೇಳ್ತೀನಿ.

ಮಾಡ್ಬೋದು. ಮೊದ್ಲು 1926ರ ಟ್ರೇಡ್ ಯೂನಿಯನ್ ಆಕ್ಟ್ ಇತ್ತು, 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ಬಂದ್ಮೇಲೆ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಎರಡರಲ್ಲೂ ಲೆಕ್ಕ ಒಂದೇ ಥರ: ಅರ್ಜಿಗೆ ಸೈನ್ ಹಾಕೋಕೆ ಕನಿಷ್ಠ ಏಳು ಜನ ಬೇಕು, ಆಮೇಲೆ ಆ ಸಂಸ್ಥೆ ಅಥವಾ ಆ ಉದ್ಯಮದಲ್ಲಿ ಕೆಲ್ಸ ಮಾಡೋರಲ್ಲಿ ನೂರಕ್ಕೆ ಹತ್ತು ಜನ ಇಲ್ಲಾ 100 ಜನ, ಇವೆರಡರಲ್ಲಿ ಯಾವುದು ಕಮ್ಮಿನೋ ಅಷ್ಟು ಮೆಂಬರ್ ಇರ್ಬೇಕು. ಇಲ್ಲಿ "ಉದ್ಯಮ" ಅನ್ನೋ ಪದ ನಿಮಗೆ ಮುಖ್ಯ. ನೀವು ಜಿಮ್ ಜಿಮ್‌ಗೆ ಯೂನಿಯನ್ ಕಟ್ಟೋಕೆ ಹೋದ್ರೆ ಮೂರು ಜನರ ಜೊತೆ ನಿಲ್ತೀರಿ, ಅದು ಆಗೋ ಮಾತಲ್ಲ. ಈ ಭಾಗದ ಫಿಟ್ನೆಸ್ ಕೆಲಸಗಾರರು ಅಂತ ಇಡೀ ಕಸುಬಿಗೆ ಸೇರಿಸಿ ಮಾಡಿ, ಟ್ರೈನರ್ ಜೊತೆಗೆ ಜುಂಬಾ ಹೇಳ್ಕೊಡೋರು, ಯೋಗ ಇನ್‌ಸ್ಟ್ರಕ್ಟರ್, ರಿಸೆಪ್ಷನ್ನಲ್ಲಿ ಕೂರೋ ಹೆಣ್ಮಕ್ಕಳು, ಕ್ಲೀನಿಂಗ್ ಮಾಡೋರು ಎಲ್ರೂ ಇರ್ಲಿ.

ಕಾರ್ಮಿಕರು ಅಂತ ಒಪ್ತಾರಾ ಅಂದ್ರಿ. 1978ರಲ್ಲಿ ನಮ್ ಬೆಂಗಳೂರು ವಾಟರ್ ಸಪ್ಲೈ ಬೋರ್ಡ್ ಕೇಸಲ್ಲೇ ಸುಪ್ರೀಂ ಕೋರ್ಟಿನ ಏಳು ಜಡ್ಜ್‌ಗಳ ಪೀಠ "ಉದ್ಯಮ" ಅನ್ನೋದಕ್ಕೆ ಬಹಳ ಅಗಲವಾದ ಅರ್ಥ ಕೊಟ್ತು, ದುಡ್ಡು ತಗೊಂಡು ವ್ಯವಸ್ಥಿತವಾಗಿ ಸೇವೆ ಕೊಡೋ ಜಿಮ್ ಅದರೊಳಗೆ ಬರುತ್ತೆ ಅಂತ ನಾನು ಧೈರ್ಯವಾಗಿ ವಾದ ಮಾಡ್ತೀನಿ. ಓನರ್ ಕಡೆಯವರು ನೀವು ಪಾಠ ಹೇಳೋ ಮೇಷ್ಟ್ರ ಥರ, ವರ್ಕ್‌ಮನ್ ಅಲ್ಲ ಅಂತ 1988ರ ಒಂದು ತೀರ್ಪು ತೋರಿಸಬಹುದು, ಅದು ಶಾಲಾ ಟೀಚರ್ ಬಗ್ಗೆ ಇರೋದು. ಪ್ಲೇಟ್ ಎತ್ತಿಡೋದು, ಸ್ಪಾಟ್ ಮಾಡೋದು, ಮಷೀನ್ ನೋಡ್ಕೊಳೋದು ಕೈಕೆಲಸ ಅಲ್ಲದೆ ಮತ್ತೇನು. ಇನ್ನು ಕೆಲವು ಕಡೆ ಫ್ರೀಲಾನ್ಸರ್ ಅಂತ ಸೈನ್ ಹಾಕಿಸ್ಕೊಂಡಿರ್ತಾರೆ, ಅದಕ್ಕೂ ಹೆದರಬೇಡಿ. ಟೈಮ್ ಯಾರು ಫಿಕ್ಸ್ ಮಾಡ್ತಾರೆ, ಯೂನಿಫಾರಂ ಯಾರದು, ಕ್ಲೈಂಟ್ ದುಡ್ಡು ಯಾರ ಅಕೌಂಟಿಗೆ ಹೋಗುತ್ತೆ, ರಜೆ ಯಾರನ್ನ ಕೇಳ್ಬೇಕು, ಕೋರ್ಟ್ ಕೇಳೋದು ಇಂಥವನ್ನ.

ನೀವು ಹೇಳಿದ ಟೈಮಿಂಗ್ ಬಗ್ಗೆ ಒಂದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೀರಿದ್ರೆ ಓಟಿ ಡಬಲ್ ರೇಟು, ವಾರಕ್ಕೊಂದು ರಜೆ. ತುಂಬಾ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ, ಮಧ್ಯದ ವಿರಾಮನೂ ಸೇರಿಸಿ ಕೆಲಸದ ದಿನ ಒಟ್ಟು 12 ಗಂಟೆಗಿಂತ ಉದ್ದ ಎಳೀಬಾರದು. ನಿಮ್ದು ಬೆಳಗ್ಗೆ 5ರಿಂದ ರಾತ್ರಿ 10, ಅಂದ್ರೆ 17 ಗಂಟೆ. ಇಬ್ರು ಟ್ರೈನರ್ ಕೆಲಸನ ಒಬ್ರ ಹತ್ರ ಮಾಡಿಸ್ತಾ ಇದಾರೆ. ಅದೇ ಕಾಯ್ದೆಯಲ್ಲಿ ನೇಮಕಾತಿ ಆದೇಶ ಕೊಡ್ಬೇಕು ಅಂತಲೂ ಇದೆ, ಹೊಸ ಸಂಹಿತೆಯಲ್ಲೂ ಅದನ್ನ ಕಡ್ಡಾಯ ಮಾಡಿದಾರೆ. ನನ್ ಹತ್ರ ಬಂದ ಟ್ರೈನರ್‌ಗಳಲ್ಲಿ ಒಬ್ರ ಕೈಯಲ್ಲೂ ಆ ಒಂದು ಹಾಳೆ ಇರ್ಲಿಲ್ಲ.

ಕಮಿಷನ್ ವಿಷ್ಯ ಸ್ವಲ್ಪ ಗಮನ ಇಟ್ಟು ಓದಿ. 2019ರ ವೇತನ ಸಂಹಿತೆಯಲ್ಲಿ ವೇತನದ ಲೆಕ್ಕದಿಂದ ಕಮಿಷನ್‌ನ ಹೊರಗಿಟ್ಟಿದಾರೆ, ಆದ್ರೆ ಹೀಗೆ ಹೊರಗಿಟ್ಟ ಬಾಬ್ತುಗಳೆಲ್ಲ ಸೇರಿ ಒಟ್ಟು ಸಂಪಾದನೆಯ ಅರ್ಧ ದಾಟಿದ್ರೆ ದಾಟಿದಷ್ಟು ವಾಪಸ್ ವೇತನಕ್ಕೆ ಸೇರುತ್ತೆ. ನಿಮ್ಮ ಫಿಕ್ಸ್ 9,000, ಆರು ಕ್ಲೈಂಟ್ ಕಮಿಷನ್ 12,000 ಅನ್ಕೊಳ್ಳಿ. ಒಟ್ಟು 21,000, ಅರ್ಧ 10,500, ಕಮಿಷನ್ ಅದನ್ನ 1,500 ಮೀರ್ತು, ಹಾಗಾಗಿ ನಿಮ್ಮ ವೇತನ ಕಾನೂನಿನ ಕಣ್ಣಲ್ಲಿ 10,500. ಕೆಲಸ ಬಿಟ್ರೂ ಬಿಡಿಸಿದ್ರೂ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡ್ಬೇಕು, ಕ್ಲೇಮ್ ಹಾಕೋಕೆ ಮೂರು ವರ್ಷ ಟೈಮ್ ಇದೆ. ಕಮಿಷನ್ ಭಾಗ ಮಾತಿನ ಒಪ್ಪಂದದ ಮೇಲೆ ನಿಲ್ಲುತ್ತೆ, ಅದಕ್ಕೇ ಪುರಾವೆ ಬೇಕು. ಆ ಹುಡುಗನಿಗೆ ಹೇಳಿ, ಪಿಟಿ ರಿಜಿಸ್ಟರ್ ಫೋಟೋ, ವಾಟ್ಸಾಪ್ ಮೆಸೇಜು, ಕ್ಲೈಂಟ್ ದುಡ್ಡು ಹಾಕಿದ ಫೋನ್‌ಪೇ ಸ್ಕ್ರೀನ್‌ಶಾಟು ಏನೇನಿದೆಯೋ ಎಲ್ಲ ಒಂದು ಕಡೆ ಜೋಡಿಸಿಕೊಂಡು ಲೇಬರ್ ಆಫೀಸಿಗೆ ಹೋಗ್ಲಿ.

ಯೂನಿಯನ್ ಸೇರಿದ್ರು ಅಂತ ಕೆಲಸದಿಂದ ತೆಗೆಯೋದು ಅನುಚಿತ ಕಾರ್ಮಿಕ ಪದ್ಧತಿ ಅಂತ ಕಾನೂನಲ್ಲೇ ಪಟ್ಟಿ ಇದೆ. ಪಟ್ಟಿ ಇದ್ರೂ ತೆಗೀತಾರೆ, ಸುಳ್ಳು ಧೈರ್ಯ ನಾನು ಕೊಡಲ್ಲ. ಅದಕ್ಕೇ ರಿಜಿಸ್ಟ್ರೇಷನ್ ಆಗೋವರೆಗೂ ಹೆಸರುಗಳು ನಿಮ್ ನಿಮ್ಮಲ್ಲೇ ಇರ್ಲಿ.

ಕಾಫಿನಾಡ_ಹುಡುಗಿ:

ನಾನು ಚಿಕ್ಕಮಗಳೂರಿಂದ. ಲೇಡೀಸ್ ಬ್ಯಾಚ್ ಟ್ರೈನರ್, ಜುಂಬಾನೂ ಮಾಡಿಸ್ತೀನಿ. ಅಣ್ಣ ನೀವು ಬರೆದಿದ್ದು ಓದಿ ಕಣ್ಣಲ್ಲಿ ನೀರು ಬಂತು, ನಮ್ದು ಇದೇ ಕಥೆ, ಆದ್ರೆ ಹೆಣ್ಮಕ್ಕಳಿಗೆ ಇನ್ನೂ ಒಂದಿಷ್ಟು ಜಾಸ್ತಿ ಇದೆ, ಅದನ್ನ ಇಲ್ಲಿ ಹೇಳ್ದೇ ಇದ್ರೆ ಯಾರೂ ಹೇಳಲ್ಲ.

ನಂಗೆ ತಿಂಗಳ ಸಂಬಳ ಅಂತ ಇಲ್ಲ, ಕ್ಲಾಸಿಗೆ ಇಷ್ಟು ಅಂತ. ಮಳೆಗಾಲದಲ್ಲಿ ಜೋರು ಮಳೆ ಹಿಡಿದ್ರೆ ಹತ್ತು ದಿನ ಯಾರೂ ಬರಲ್ಲ, ಆ ಹತ್ತು ದಿನ ನಂಗೂ ಇಲ್ಲ. ಹೋದ ವರ್ಷ ನನ್ ಫ್ರೆಂಡ್ ಬಸುರಿ ಆದ್ಲು, ನಾಲ್ಕನೇ ತಿಂಗಳಲ್ಲಿ ಓನರ್‌ಗೆ ಹೇಳಿದ್ಲು, "ಆಯ್ತಮ್ಮ ರೆಸ್ಟ್ ತಗೋ" ಅಂದ್ರು. ಅಷ್ಟೇ, ಮತ್ತೆ ಕರೀಲೇ ಇಲ್ಲ. ಕಾನೂನಲ್ಲಿ ಹೆರಿಗೆ ರಜೆ 26 ವಾರ ಅಂತ 2017ರಲ್ಲೇ ಮಾಡಿದಾರೆ, ಆದ್ರೆ ಹತ್ತು ಜನ ಕೆಲಸಗಾರರು ಇರೋ ಜಾಗಕ್ಕೆ ಮಾತ್ರ. ನೌಕರರ ಆರೋಗ್ಯ ವಿಮೆ ಇಎಸ್‌ಐಗೂ ಹತ್ತೇ. ನಮ್ಮೂರಲ್ಲಿ ನಾನು ನೋಡಿರೋ ಯಾವ ಜಿಮ್‌ನಲ್ಲೂ ಹತ್ತು ಜನ ಸ್ಟಾಫ್ ಇಲ್ಲ. ಎಲ್ಲ ಕಾನೂನೂ ನಮ್ ಬಾಗಿಲ ತನಕ ಬಂದು ಹತ್ತು ಜನ ಇಲ್ಲ ಅಂತ ವಾಪಸ್ ಹೋಗುತ್ತೆ.

ಇನ್ನೊಂದು ವಿಷ್ಯ ಬರೆಯೋಕೆ ಸಂಕೋಚ, ಆದ್ರೂ ಬರೀತೀನಿ. ಫಾರ್ಮ್ (ವ್ಯಾಯಾಮದ ಭಂಗಿ) ಸರಿ ಮಾಡಿಸ್ಕೊಳ್ಳೋ ನೆಪದಲ್ಲಿ ಮೈ ಮುಟ್ಟೋ ಮೆಂಬರ್‌ಗಳು ಇದಾರೆ, ರಾತ್ರಿ ಹನ್ನೊಂದಕ್ಕೆ ಡಯಟ್ ಚಾರ್ಟ್ ಕೇಳೋ ನೆಪದಲ್ಲಿ ಮೆಸೇಜ್ ಮಾಡೋರು ಇದಾರೆ. ಓನರ್‌ಗೆ ಹೇಳಿದ್ರೆ "ವರ್ಷದ ಪ್ಯಾಕೇಜ್ ಕಟ್ಟಿರೋರು, ಅಡ್ಜಸ್ಟ್ ಮಾಡ್ಕೊ". ಹತ್ತು ಜನಕ್ಕಿಂತ ಕಮ್ಮಿ ಇರೋ ಕಡೆ ದೂರು ಕೊಡೋಕೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರ್ಬೇಕು ಅಂತ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಇದೆ, ಅಂದ್ರೆ ನಮ್ಮಂಥವರಿಗೇ ಮಾಡಿರೋದು. ನಂಗೆ ಅದು ಗೊತ್ತಾಗಿದ್ದು ಅಂಗನವಾಡಿ ಟೀಚರ್ ಆಗಿರೋ ನನ್ ಚಿಕ್ಕಮ್ಮನಿಂದ, ಅವರಿಗೆ ಗೊತ್ತಾಗಿದ್ದು ಅವರ ಯೂನಿಯನ್ ಮೀಟಿಂಗಲ್ಲಿ. ಅವತ್ತೇ ಅನ್ಕೊಂಡೆ, ನಮಗೂ ಒಂದು ಮೀಟಿಂಗ್ ಅಂತ ಇದ್ದಿದ್ರೆ ಅಂತ.

ಕಮಿಟಿ ಮಾಡುವಾಗ ಹೆಣ್ಮಕ್ಕಳನ್ನ ಫೋಟೋಗೆ ಮಾತ್ರ ಕೂರಿಸ್ಬೇಡಿ. ನಾನಂತೂ ಬರ್ತೀನಿ.

ಶಟರ್_ನನ್ನದೇ:

ನಾನು ಒಂದು ಜಿಮ್ ಓನರ್, ಹಾಸನದವನೇ. ಬೈತೀರೇನೋ, ಆದ್ರೂ ನನ್ ಕಡೆ ಹೇಳ್ತೀನಿ.

ನಾನೂ ಏಳು ವರ್ಷ ಟ್ರೈನರ್ ಆಗಿದ್ದು ಆಮೇಲೆ ಸಾಲ ಮಾಡಿ ಜಿಮ್ ಹಾಕಿದವನು. 2020ರ ಮಾರ್ಚಲ್ಲಿ ಮುಚ್ಚಿಸಿದ್ರು, ಆಗಸ್ಟ್ 5ರ ತನಕ ತೆಗೆಯೋ ಹಾಗಿರ್ಲಿಲ್ಲ, ಬಿಲ್ಡಿಂಗ್ ಬಾಡಿಗೆ ಒಂದು ತಿಂಗಳೂ ಬಿಡ್ಲಿಲ್ಲ, ಎರಡನೇ ಅಲೆಗೆ ಮತ್ತೆ ಬೀಗ. ಅದರ ಸಾಲ ಇನ್ನೂ ಕಟ್ತಾ ಇದೀನಿ. ಪಕ್ಕದ ರೋಡಲ್ಲಿ ಹೊಸ ಜಿಮ್ ಬಂದು ವರ್ಷಕ್ಕೆ 5,999 ಅಂತ ಬ್ಯಾನರ್ ಕಟ್ಟಿದ್ರೆ ನಾನು 8,000 ಹೇಗೆ ತಗೊಳ್ಳಿ? ತಿಂಗಳಿಗೆ 500 ರೂಪಾಯಿ ಬಿತ್ತು, ಅದ್ರಲ್ಲಿ ಕರೆಂಟು, ಬಾಡಿಗೆ, ಟ್ರೆಡ್‌ಮಿಲ್ ಬೆಲ್ಟು, ಸಂಬಳ. 2025 ಸೆಪ್ಟೆಂಬರ್ 22ರಿಂದ ಜಿಮ್‌ಗೆ ಜಿಎಸ್‌ಟಿ 18ರಿಂದ 5ಕ್ಕೆ ಇಳೀತು ಅಂತ ಎಲ್ರೂ ಖುಷಿ ಪಟ್ರು, ಆದ್ರೆ ಮಷೀನ್ ತಗೊಂಡಾಗ ಕಟ್ಟಿದ ಟ್ಯಾಕ್ಸ್‌ಗೆ ಕ್ರೆಡಿಟ್ ಸಿಗಲ್ಲ, ಮೆಂಬರ್ ಬಂದು ರೇಟ್ ಇನ್ನೂ ಇಳಿಸಿ ಅಂತಾರೆ.

ಸರ್ಟಿಫಿಕೇಟ್ ಇಟ್ಕೊಳ್ಳೋದು ತಪ್ಪು, ಒಪ್ತೀನಿ. ಕಮಿಷನ್ ಹಿಡಿಯೋದು ಮಹಾ ತಪ್ಪು. ಆದ್ರೆ ನಮ್ ಹೊಟ್ಟೆಯುರಿನೂ ಕೇಳಿ, ಆರು ತಿಂಗಳು ಕಲಿಸಿರ್ತೀವಿ, ಟ್ರೈನರ್ ಬಿಟ್ಟು ಹೋಗುವಾಗ ಹದಿನೈದು ಮೆಂಬರ್‌ನ ಕರ್ಕೊಂಡು ಹೋಗ್ತಾನೆ. ಅದಕ್ಕೂ ನಿಮ್ ಯೂನಿಯನ್ ಏನಾದ್ರೂ ನಿಯಮ ಮಾಡುತ್ತಾ? ಮಾಡಿದ್ರೆ ನಾನು ಮಾತಾಡೋಕೆ ರೆಡಿ.

ಹಾಸನ್_ಐರನ್:

ಅಣ್ಣ, ಯಾರೂ ಬೈಯಲ್ಲ, ನೀವು ಬಂದು ಹೇಳಿದ್ದೇ ಒಳ್ಳೇದಾಯ್ತು. 5,999ರ ಬ್ಯಾನರ್ ನಮಗೂ ಶತ್ರುನೇ, ಆ ರೇಟಿಗೆ ಕೊನೆಗೆ ಕತ್ತರಿ ಬೀಳೋದು ನಮ್ ಫಿಕ್ಸ್‌ಗೆ. ಕ್ಷೌರದಂಗಡಿಯವರು ಸಂಘದಲ್ಲಿ ಕೂತು ಒಂದು ರೇಟ್ ಬೋರ್ಡ್ ಹಾಕ್ಕೊಳ್ತಾರೆ, ಮಂಗಳವಾರ ಬಾಗಿಲು ಹಾಕ್ತಾರೆ, ಊರಿಗೂರೇ ಅದಕ್ಕೆ ಹೊಂದ್ಕೊಂಡಿದೆ. ನಮ್ಗೆ ಒಂದು ಭಾನುವಾರ ಪೂರ್ತಿ ರಜೆ ಸಿಕ್ಕಿಲ್ಲ. ಮೆಂಬರ್ ಕರ್ಕೊಂಡು ಹೋಗೋ ವಿಷ್ಯ ನೀವು ಹೇಳಿದ್ದು ನಿಜ, ಬಿಡೋಕೆ ಒಂದು ತಿಂಗಳು ಮುಂಚೆ ನೋಟಿಸ್ ಕೊಡೋದು, ಕಟ್ಟಿರೋ ಪಿಟಿ ಸೆಷನ್ ಮುಗಿಸಿ ಹೋಗೋದು ಅಂತ ನಾವೂ ಬರೆದು ಕೊಡೋಣ. ನೀವು ಲೆಟರ್ ಕೊಡಿ, ಕಮಿಷನ್ ಪರ್ಸೆಂಟೇಜ್ ಅದ್ರಲ್ಲಿ ಬರೀರಿ.

ಎಸ್ಟೇಟ್_ರೈಟರ್_ಮಗ:

ನಂಗೆ ಜಿಮ್ ಬಗ್ಗೆ ಏನೂ ಗೊತ್ತಿಲ್ಲಪ್ಪ, ವಯಸ್ಸು ಅರವತ್ತೆಂಟು. ನಮ್ಮ ತಂದೆ ಚಿಕ್ಕಮಗಳೂರು ಕಡೆ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯೋರು) ಆಗಿದ್ರು, ನಾನು ಮೂವತ್ತು ವರ್ಷ ತೋಟ ಕಾರ್ಮಿಕರ ಯೂನಿಯನ್ ಕೆಲಸ ಮಾಡಿದೀನಿ. ಮಗಳು ಇದನ್ನ ತೋರಿಸಿದ್ಲು, ಹೇಳಿ ಬರೆಸ್ತಾ ಇದೀನಿ.

1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಮನೆ, ಆಸ್ಪತ್ರೆ, ಮಕ್ಕಳಿಗೆ ಶಿಶುವಿಹಾರ ಎಲ್ಲ ಅದರಲ್ಲಿ ಬರೆದಿತ್ತು. ಬರೆದಿದ್ದು ಕಾರ್ಮಿಕರಿರೋ ಲೈನ್ ಮನೆಗೆ ತಲುಪೋಕೆ ಎಷ್ಟು ವರ್ಷ ಹಿಡೀತು ಅಂತ ನಂಗೆ ಗೊತ್ತು. ಒಂದು ತೋಟಕ್ಕೂ ಇನ್ನೊಂದಕ್ಕೂ ಮಧ್ಯ ಕಾಡು, ಹಳ್ಳ, ಆಗ ಫೋನ್ ಇಲ್ಲ, ಸಂತೆ ದಿನ ಮಾತ್ರ ನಾಲ್ಕು ತೋಟದವರು ಒಂದು ಕಡೆ ಸಿಗೋರು. ಸಂತೆಯಲ್ಲೇ ಯೂನಿಯನ್ ಬೆಳೆದಿದ್ದು. ನಿಮ್ಮ ಕಷ್ಟನೂ ಅದೇ ಥರ ಕಾಣುತ್ತೆ, ಮೂರು ಜನ ಇಲ್ಲಿ, ನಾಲ್ಕು ಜನ ಅಲ್ಲಿ. ನಿಮ್ ಸಂತೆ ಯಾವುದು ಅಂತ ಮೊದ್ಲು ಹುಡುಕ್ಕೊಳ್ಳಿ.

ವಾಟ್ಸಾಪ್ ಗ್ರೂಪ್ ಮಾಡಿ ಅದನ್ನೇ ಯೂನಿಯನ್ ಅನ್ಕೋಬೇಡಿ. ಒಂದು ನೋಟ್‌ಬುಕ್ ತಗೊಳ್ಳಿ, ಸಭೆ ನಡಾವಳಿ ಅಂತ ಮೇಲೆ ಬರೀರಿ, ಬಂದವರ ಸೈನ್ ತಗೊಳ್ಳಿ. ತಿಂಗಳಿಗೆ ಐವತ್ತೋ ನೂರೋ ಚಂದಾ ಇಡಿ, ಹತ್ತು ರೂಪಾಯಿ ತಗೊಂಡ್ರೂ ರಸೀದಿ ಹರಿದು ಕೊಡಿ. ನಾನು ನೋಡಿದ ಹಾಗೆ ಮಾಲೀಕರಿಂದ ಒಡೆದ ಯೂನಿಯನ್‌ಗಿಂತ ಲೆಕ್ಕ ಸರಿ ಇಲ್ಲದೆ ಒಡೆದದ್ದೇ ಹೆಚ್ಚು. ವರ್ಷ ವರ್ಷ ಲೆಕ್ಕ ಆಡಿಟ್ ಮಾಡ್ಸಿ ರಿಜಿಸ್ಟ್ರಾರ್‌ಗೆ ರಿಟರ್ನ್ ಕಳಿಸ್ಬೇಕು, ಅದನ್ನ ಮರೆತ್ರೆ ರಿಜಿಸ್ಟ್ರೇಷನ್‌ಗೇ ಸಂಚಕಾರ. ಪಕ್ಷದವರು ಬರ್ತಾರೆ, ದೊಡ್ಡ ಯೂನಿಯನ್‌ನವರು ಬರ್ತಾರೆ, ಅವರಿಂದ ಕಲೀರಿ, ಆದ್ರೆ ಅಧ್ಯಕ್ಷರು ಕಾರ್ಯದರ್ಶಿ ಇಬ್ರೂ ನಿಮ್ಮ ಕೆಲಸ ಮಾಡೋರೇ ಆಗಿರ್ಲಿ.

ಮೊದಲನೇ ದಿನವೇ ಸ್ಟ್ರೈಕ್ ಮಾತಾಡ್ಬೇಡಿ. ಗೆಲ್ಲೋ ಅಂಥ ಒಂದು ಚಿಕ್ಕ ವಿಷ್ಯ ಹಿಡೀರಿ. ಆ ಹುಡುಗನ ಮಾರ್ಕ್ಸ್ ಕಾರ್ಡ್ ಇದೆಯಲ್ಲ, ಅದನ್ನ ಹಿಡೀರಿ. ಏಳು ಜನ ಒಟ್ಟಿಗೆ ಹೋಗಿ ಮರ್ಯಾದೆಯಾಗಿ ಕೇಳಿ. ಒಬ್ಬ ಕೇಳೋದಕ್ಕೂ ಏಳು ಜನ ಕೇಳೋದಕ್ಕೂ ಇರೋ ವ್ಯತ್ಯಾಸ ಅವತ್ತು ನಿಮಗೇ ಗೊತ್ತಾಗುತ್ತೆ.

ಸಿಲ್ಕ್‌ಬೋರ್ಡ್_ಹಾಸನ:

ನಾನು ಊರು ಬಿಟ್ಟು ಬೆಂಗಳೂರಲ್ಲಿ ಐಟಿಲಿ ಇದೀನಿ. ಸಾಫ್ಟ್‌ವೇರ್‌ನವರಿಗೆ ಯೂನಿಯನ್ ಯಾಕೆ ಅಂತ ನಮಗೂ ಎಲ್ರೂ ಅಂದಿದ್ರು, 2017ರಲ್ಲಿ ಕರ್ನಾಟಕದಲ್ಲಿ ಐಟಿ ನೌಕರರ ಯೂನಿಯನ್ ಶುರು ಆಯ್ತು, ಕಿಟು ಅಂತಾರೆ. ಹಾಗಾಗಿ ಆಗಲ್ಲ ಅನ್ನೋ ಮಾತಿಗೆ ಕಿವಿ ಕೊಡ್ಬೇಡಿ.

ಲಾಯರ್ ಸಾರ್‌ಗೆ ಒಂದು ಪ್ರಶ್ನೆ: ಯೂನಿಯನ್ ಅಂದ್ರೆ ಓನರ್ ಹೆದರ್ತಾರೆ, ಸುಮ್ನೆ "ಸಂಘ" ಅಂತ ಮಾಡಿದ್ರೆ ಸಾಕಲ್ವಾ?

ಕೋರ್ಟ್_ಕಟ್ಟೆ:

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿ ಸಂಘ ಮಾಡ್ಬೋದು, ಸಲೀಸು. ಸಿಪಿಆರ್ ಟ್ರೈನಿಂಗ್ ಕ್ಯಾಂಪು, ಕಾಂಪಿಟೇಷನ್ನು, ಸನ್ಮಾನ ಅಂಥದ್ದಕ್ಕೆಲ್ಲ ಅದು ಸಾಕು. ಆದ್ರೆ ಸಂಬಳದ ಬಗ್ಗೆ ಕಾರ್ಮಿಕರ ಪರವಾಗಿ ಕೂತು ಚೌಕಾಸಿ ಮಾಡೋ ಅಧಿಕಾರ, ವಿವಾದ ಎತ್ತಿದಾಗ ಪದಾಧಿಕಾರಿಗಳಿಗೆ ಸಿಗೋ ಕಾನೂನು ರಕ್ಷಣೆ ಇವೆಲ್ಲ ಟ್ರೇಡ್ ಯೂನಿಯನ್‌ಗೆ ಮಾತ್ರ. ಹೆಸರು ಸಂಘ ಅಂತಲೇ ಇಟ್ಕೊಳ್ಳಿ, ರಿಜಿಸ್ಟರ್ ಮಾತ್ರ ಕಾರ್ಮಿಕ ಇಲಾಖೆಯಲ್ಲಿ ಟ್ರೇಡ್ ಯೂನಿಯನ್ ಅಂತ ಮಾಡಿಸಿ.

ಕಾಫಿನಾಡ ತಂಗಿ ಹೇಳಿದ ಹತ್ತರ ಲೆಕ್ಕ ನೂರಕ್ಕೆ ನೂರು ಸತ್ಯ. ಇಎಸ್‌ಐ ಇದ್ದಿದ್ರೆ ಆ ಹುಡುಗನ ಭುಜಕ್ಕೆ ಚಿಕಿತ್ಸೆ ಪುಕ್ಕಟೆ, ಕೆಲಸದಲ್ಲಿ ಆದ ಗಾಯ ಆದ್ದರಿಂದ ರಜೆಯಲ್ಲಿದ್ದಷ್ಟು ದಿನ ವೇತನದ ಶೇ. 90 ಬರ್ತಿತ್ತು. ಅಲ್ಲಿಯವರೆಗೆ ಎಲ್ರೂ ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡಾದ್ರೂ ಮಾಡಿಸ್ಕೊಳ್ಳಿ, ಇಎಸ್‌ಐ ಪಿಎಫ್ ಇಲ್ಲದ, 16ರಿಂದ 59 ವರ್ಷದವರಿಗೆ ಆಗುತ್ತೆ, ದುಡ್ಡು ಖರ್ಚಿಲ್ಲ. 2020ರ ಲಾಕ್‌ಡೌನಲ್ಲಿ ಸರ್ಕಾರ ಆಟೋ, ಟ್ಯಾಕ್ಸಿ ಡ್ರೈವರ್‌ಗಳಿಗೆ, ಕ್ಷೌರಿಕರಿಗೆ, ಅಗಸರಿಗೆ 5,000 ಕೊಡ್ತೀವಿ ಅಂತ ಘೋಷಣೆ ಮಾಡ್ತು, ಅವರ ಹೆಸರಲ್ಲಿ ಹೋಗಿ ಕೇಳೋಕೆ ಸಂಘಗಳಿದ್ವು. ಜಿಮ್ ಟ್ರೈನರ್ ಅಂತ ಆ ಪಟ್ಟಿಯಲ್ಲಿ ಇರ್ಲಿಲ್ಲ.

ಹಾಸನ್_ಐರನ್:

ಎಲ್ರಿಗೂ ಥ್ಯಾಂಕ್ಸ್, ಹಿರಿಯರು ಹೇಳಿ ಬರೆಸಿದ್ದನ್ನ ಮೂರು ಸಲ ಓದಿದೆ. ನಿನ್ನೆ ರಾತ್ರಿ ಜಿಮ್ ಮುಚ್ಚಿದ್ಮೇಲೆ ಆ ಹುಡುಗನ ಮನೆಗೆ ಹೋಗಿದ್ದೆ. ಅವತ್ತು ಸುಮ್ನೆ ನಿಂತಿದ್ದಕ್ಕೆ ಕ್ಷಮೆ ಕೇಳ್ದೆ. ಅವನು "ಬಿಡಣ್ಣ, ನಿನ್ ಜಾಗದಲ್ಲಿ ನಾನಿದ್ರೂ ಹಂಗೇ ನಿಲ್ತಿದ್ದೆ" ಅಂದ. ಪಿಟಿ ರಿಜಿಸ್ಟರ್‌ನ ಎರಡು ಪೇಜ್ ಫೋಟೋ ಅವನ ಹಳೇ ಫೋನಲ್ಲಿ ಇದೆ, ಸ್ಕ್ರೀನ್ ಒಡೆದಿದೆ ಆದ್ರೆ ಆನ್ ಆಗುತ್ತೆ.

ನಂಗೆ ಗೊತ್ತಿರೋ ಟ್ರೈನರ್‌ಗಳಿಗೆ ಒಬ್ಬೊಬ್ರಿಗೇ ಫೋನ್ ಮಾಡ್ದೆ, ಗ್ರೂಪಲ್ಲಿ ಹಾಕ್ಲಿಲ್ಲ. ಹನ್ನೊಂದು ಜನರಲ್ಲಿ ಐದು ಜನ ಬರ್ತೀನಿ ಅಂದ್ರು, ಇಬ್ರು ಯೋಚ್ನೆ ಮಾಡಿ ಹೇಳ್ತೀನಿ ಅಂದ್ರು. ನಾನು, ಆ ಹುಡುಗ ಸೇರಿ ಏಳು ಆಗುತ್ತೆ. ಚಿಕ್ಕಮಗಳೂರಿನವರೂ ಬರ್ಲಿ ಅಂತ ಬೇಲೂರಲ್ಲಿ ಸೇರೋಣ ಅನ್ಕೊಂಡಿದೀವಿ, ಇಬ್ರಿಗೂ ಮಧ್ಯದ ಊರು. ಬರೋ ಭಾನುವಾರ ಬೆಳಗ್ಗೆ ಬ್ಯಾಚ್ ಮುಗಿಸ್ಕೊಂಡು ಹೊರಟ್ರೆ ಹನ್ನೆರಡೂವರೆಗೆ ತಲುಪ್ಬೋದು. ಕಾಫಿನಾಡು ಮೇಡಂ, ನೀವು ನಿಮ್ ಫ್ರೆಂಡ್‌ನ ಮಗು ಸಮೇತ ಕರ್ಕೊಂಡ್ಬನ್ನಿ, ನೆರಳಿರೋ ಜಾಗ ನೋಡ್ತೀವಿ. ನೋಟ್‌ಬುಕ್, ರಸೀದಿ ಪುಸ್ತಕ ನಾನು ತರ್ತೀನಿ.